ಕಾಲಿಗೆ ಬಾರದ ನಿದ್ದೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಕನ್ನಡದ ಗಾದೆ. ನಿದ್ದೆ ಕೆಡುವುದಕ್ಕೆ ಮನಸ್ಸೇ ಕಾರಣವೆಂಬುದು ಈ ಗಾದೆಯ ಸಿದ್ಧಾಂತ. ಸಾಲಗಾರನಿಗೆ ನಿದ್ದೆಯಿಲ್ಲ, ಮಗಳ ಮದುವೆ ಗೊತ್ತುಮಾಡಿದ ತಂದೆಗೆ ನಿದ್ದೆಯಿಲ್ಲ, ಪರೀಕ್ಷೆ ಸಮೀಪಿಸಿದ ಹುಡುಗನಿಗೆ ನಿದ್ದೆಯಿಲ್ಲ. ಇವೆಲ್ಲ ಯಾರಿಗಾದರೂ ಅರ್ಥವಾಗುವ ಸಂಗತಿಗಳು. ಆದರೆ ಸಾಲ ತೀರಿ, ಮಕ್ಕಳ ಮದುವೆಗಳು ಮುಗಿದು, ಪಿಂಚಣಿ ತಿಂಗಳು ತಿಂಗಳಿಗೂ ತಪ್ಪದೆ ಬರುತ್ತಿದ್ದು, ಮನಸ್ಸು ತಿಳಿಗೊಳದಂತಿರುವಾಗಲೂ ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದ ಮೂರು ಗಂಟೆಯವರೆಗೆ ಮನೆಯ ಪಡಸಾಲೆಯಲ್ಲಿ ಶತಪಥ ತಿರುಗುವವರಿದ್ದಾರೆ. ಅವರ ಮನಸ್ಸು ಮಲಗಲು ಸಿದ್ಧ, ಕಣ್ಣು ಸಿದ್ಧ. ಕಾಲು ಮಾತ್ರ ಒಪ್ಪುವುದಿಲ್ಲ.

ಈ ವ್ಯಾಧಿಯನ್ನು ವೈದ್ಯರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ನೆಮ್ಮದಿಯಿಲ್ಲದ ಕಾಲುಗಳ ಬೇನೆ ಎಂದು ಹೇಳಿದರೆ ತಪ್ಪಾಗಲಾರದು. ಇದು ಜೋಮು ಹಿಡಿದಂತಲ್ಲ. ಮೀನಖಂಡದ ಸ್ನಾಯು ಗಂಟುಕಟ್ಟುವ ಸೆಳೆತವೂ ಅಲ್ಲ. ಕುಳಿತಲ್ಲಿ ಕಾಲು ಅಲ್ಲಾಡಿಸಿದರೆ ದಾರಿದ್ರ್ಯ ಬರುವುದೆಂದು ಅಜ್ಜಿಯರು ಗದರಿಸುತ್ತಿದ್ದ ಮಕ್ಕಳ ಚೇಷ್ಟೆಯಂತೂ ಅಲ್ಲವೇ ಅಲ್ಲ. ಅನುಭವಿಸಿದವರು ಇದನ್ನು ವರ್ಣಿಸುವುದಕ್ಕೆ ತಡಕಾಡುತ್ತಾರೆ. ಮೂಳೆಯೊಳಗೆ ಇರುವೆ ಹರಿದಂತೆ ಎನ್ನುವರು ಕೆಲವರು. ಗೋಲಿ ಸೋಡಾದ ಗುಳ್ಳೆಗಳು ರಕ್ತನಾಳಗಳಲ್ಲಿ ಏಳುತ್ತಿರುವಂತೆ ಎನ್ನುವರು ಇನ್ನು ಕೆಲವರು. ನೋವಲ್ಲ, ಆದರೆ ನೋವಿಗಿಂತ ಕೆಟ್ಟದ್ದು ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ವರ್ಣನೆ ಯಾವುದಾದರೂ ಲಕ್ಷಣಗಳು ನಾಲ್ಕು. ಕಾಲನ್ನು ಆಡಿಸಲೇಬೇಕೆಂಬ ತಡೆಯಲಾರದ ಒತ್ತಾಯ. ವಿಶ್ರಮಿಸಿದಷ್ಟೂ ಅದು ಹೆಚ್ಚುವುದು. ಎದ್ದು ನಡೆದರೆ ತಗ್ಗುವುದು. ಸಂಜೆ ಕವಿದು ರಾತ್ರಿಯಾದಂತೆ ಉಲ್ಬಣಿಸುವುದು. ದಣಿದ ದೇಹಕ್ಕೆ ವಿಶ್ರಾಂತಿಯೇ ಶತ್ರುವಾಗುವ ವಿಪರೀತ ಇಲ್ಲಿ ಮಾತ್ರ ಕಾಣಬರುತ್ತದೆಯೋ ಏನೋ.

ಹೊರಗಿನವರ ಕಣ್ಣಿಗೆ ಈ ವ್ಯಾಧಿ ಹಾಸ್ಯಾಸ್ಪದ. ಸಿನಿಮಾ ಮಂದಿರದಲ್ಲಿ ಮೂರು ಸಲ ಎದ್ದು ಹೊರಗೆ ಹೋಗುವವರನ್ನು, ರಾತ್ರಿ ಬಸ್ಸಿನಲ್ಲಿ ಪಕ್ಕದವರನ್ನು ಪದೇ ಪದೇ ಒದೆಯುವವರನ್ನು, ಹರಿಕಥೆಯ ನಡುವೆ ಕಂಬದ ಬಳಿ ನಿಂತು ಕಾಲು ಬದಲಿಸುತ್ತಿರುವವರನ್ನು ಜನ ನೋಡಿ ನಗುತ್ತಾರೆ. ಆದರೆ ಹತ್ತು ಹದಿನೈದು ವರ್ಷಗಳ ಕಾಲ ರಾತ್ರಿಗೆ ಮೂರು ನಾಲ್ಕು ಗಂಟೆಗಳ ನಿದ್ದೆಯಲ್ಲೇ ಬದುಕಿದವರಿಗೆ ಅದು ನಗುವ ವಿಷಯವಲ್ಲ. ಜ್ಞಾಪಕಶಕ್ತಿ ಕುಂದುತ್ತದೆ; ಮುಂಗೋಪ ಬರುತ್ತದೆ; ಬದುಕೇ ಬೇಡವೆನಿಸುವ ಗಳಿಗೆಗಳೂ ಬರುತ್ತವೆ. ಪಕ್ಕದಲ್ಲಿ ಮಲಗುವವರ ನಿದ್ದೆಯೂ ಹಾಳಾಗಿ, ಕೊನೆಗೆ ಒಬ್ಬರು ಕೋಣೆಯಲ್ಲಿ, ಒಬ್ಬರು ನಡುಮನೆಯಲ್ಲಿ ಎಂಬ ಏರ್ಪಾಟಿಗೆ ಎಷ್ಟೋ ದಂಪತಿಗಳು ಬಂದಿರುತ್ತಾರೆ. ಇದು ಅಪರೂಪದ ಬೇನೆಯೂ ಅಲ್ಲ. ಬೆಂಗಳೂರಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಇದು ಕಂಡುಬಂದಿತು. ಪಾಶ್ಚಾತ್ಯ ದೇಶಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕ. ಗರ್ಭಿಣಿಯರಲ್ಲಿಯೂ ಮೂತ್ರಪಿಂಡ ಕೆಟ್ಟವರಲ್ಲಿಯೂ ವಿಶೇಷ.

ವ್ಯಾಧಿಯೇನೂ ಹೊಸದಲ್ಲ. ಇದನ್ನು ಮೊದಲು ಸ್ಪಷ್ಟವಾಗಿ ಗುರುತಿಸಿ ಬರೆದಿಟ್ಟಾತ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್. ಮೆದುಳಿನ ಬುಡದಲ್ಲಿ ಬಳೆಯಾಕಾರವಾಗಿ ಕೂಡಿಕೊಂಡಿರುವ ರಕ್ತನಾಳಗಳಿಗೆ ಇಂದಿಗೂ ಆತನ ಹೆಸರೇ ಇದೆ. 1672ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟವಾದ ಆತನ ಬರಹ, ಆತ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, 1685ರಲ್ಲಿ ಇಂಗ್ಲಿಷಿಗೆ ಬಂದಿತು. ಹಾಸಿಗೆಗೆ ಹೋದೊಡನೆ ಕೈಕಾಲುಗಳು ಎಗರಾಡತೊಡಗಿ, ಚಿತ್ರಹಿಂಸೆಯ ಸ್ಥಳದಲ್ಲಿ ಇರಿಸಲ್ಪಟ್ಟವರಿಗಿಂತ ಹೆಚ್ಚಿನ ನಿದ್ದೆ ಕಾಣದೆ ಒದ್ದಾಡುವ ರೋಗಿಗಳನ್ನು ಆತ ಅದರಲ್ಲಿ ಬಣ್ಣಿಸಿದ್ದಾನೆ. ಚಿಕಿತ್ಸೆಯ ವಿಷಯದಲ್ಲಿ ಆತ ಕಂಡುಕೊಂಡದ್ದು ಲಾಡನಂ. ಅದು ಮದ್ಯದಲ್ಲಿ ಕರಗಿಸಿದ ಅಫೀಮು. ಆ ಕಾಲದ ಇನ್ನೊಬ್ಬ ಪ್ರಖ್ಯಾತ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಅದಕ್ಕೆ ಕೇಸರಿ, ದಾಲ್ಚಿನ್ನಿ, ಲವಂಗಗಳನ್ನು ಸೇರಿಸಿ ತಯಾರಿಸುತ್ತಿದ್ದ. ಹೀಗೆ, ವ್ಯಾಧಿಯ ಮೊದಲ ವರ್ಣನೆಯೂ ಅದರ ಮೊದಲ ಮದ್ದೂ ಒಂದೇ ವೈದ್ಯನಿಂದ ಬಂದವು.

ಅನಂತರದ ಇನ್ನೂರು ಮುನ್ನೂರು ವರ್ಷಗಳಲ್ಲಿ ವ್ಯಾಧಿಗೆ ಹೆಸರುಗಳು ದೊರೆತವೇ ಹೊರತು ವಿಶೇಷ ಪರಿಹಾರ ದೊರೆಯಲಿಲ್ಲ. ಜರ್ಮನಿಯ ಥಿಯೋಡರ್ ವಿಟ್ಮಾಕ್ 1861ರಲ್ಲಿ ಇದನ್ನು ಕಣಕಾಲಿನ ಕಳವಳವೆಂಬರ್ಥದ ಲ್ಯಾಟಿನ್ ಹೆಸರಿನಿಂದ ಕರೆದ. ಹಿಸ್ಟೀರಿಯಾದ ಲಕ್ಷಣಗಳ ಪಟ್ಟಿಗೆ ಸೇರಿಸಿದ. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಇದು ಮನಸ್ಸಿನ ಭ್ರಮೆಯಲ್ಲ, ದೇಹದ ವ್ಯಾಧಿ ಎಂದು ಸ್ಥಾಪಿಸಿದ. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರಲ್ಲಿ ಇದು ಹೆಚ್ಚೆಂಬುದನ್ನು ಗಮನಿಸಿದವರಲ್ಲಿ ಆತನೂ ಒಬ್ಬ.

ಆ ಕಬ್ಬಿಣದ ಮಾತು ಇಂದಿಗೂ ಮೊದಲ ಮಾತು. ರಕ್ತದಲ್ಲಿ ಫೆರಿಟಿನ್ ಎಂಬ ಅಂಶ ಪ್ರತಿ ಮಿಲಿಲೀಟರಿಗೆ 20 ಅಥವಾ 30 ನ್ಯಾನೋಗ್ರಾಂ ಇದ್ದರೆ ಸಾಮಾನ್ಯವಾಗಿ ಎಲ್ಲ ಸರಿಯಾಗಿದೆಯೆಂದು ಪ್ರಯೋಗಾಲಯದ ಚೀಟಿ ಹೇಳುತ್ತದೆ. ಆದರೆ ಈ ರೋಗಿಗೆ ಅದು ಸಾಲದು. 75ರ ಒಳಗಿದ್ದರೂ ಕಬ್ಬಿಣವನ್ನು ಪೂರೈಸಬೇಕೆಂದು ತಜ್ಞರ ಅಭಿಪ್ರಾಯ. ಎಷ್ಟೋ ಮನೆಗಳಲ್ಲಿ ಕಬ್ಬಿಣದ ಮಾತ್ರೆ ಇಲ್ಲವೇ ರಕ್ತನಾಳದ ಮೂಲಕ ಕೊಡುವ ಕಬ್ಬಿಣದಿಂದಲೇ ಕಾಲುಗಳು ತಣ್ಣಗಾಗುತ್ತವೆ. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳು, ವಾಂತಿ ನಿಲ್ಲಿಸುವ ಕೆಲವು ಔಷಧಗಳು, ಖಿನ್ನತೆಯ ಹಲವು ಮದ್ದುಗಳು ಈ ಬೇನೆಯನ್ನು ಕೆರಳಿಸುವುದುಂಟು. ಅವುಗಳನ್ನು ವೈದ್ಯರನ್ನು ಕೇಳಿ ಬದಲಿಸಿಕೊಂಡರೆ ಅರ್ಧ ಕಷ್ಟ ಹಾರಿಹೋಗುವ ಸಂದರ್ಭಗಳೂ ಇವೆ. ಇವನ್ನೆಲ್ಲ ನೋಡದೆಯೇ ಪ್ರಬಲ ಮದ್ದಿಗೆ ಕೈಚಾಚುವುದು ಬಾಗಿಲ ಅಗುಳಿ ತೆಗೆಯುವ ಮೊದಲೇ ಗೋಡೆ ಒಡೆದಂತೆ.

1982ರಲ್ಲಿ ಸೆವ್‌ಕೆಟ್ ಅಕ್ಪಿನಾರ್ ಎಂಬ ವೈದ್ಯ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಈ ಬೇನೆಗೂ ನಾಟುವುದೆಂದು ವರದಿ ಮಾಡಿದಾಗ ಹೊಸ ಯುಗವೇ ತೆರೆದಂತಾಯಿತು. ಅದೇ ದಾರಿಯಲ್ಲಿ ಬಂದ ರೋಪಿನಿರೋಲ್‌ಗೆ 2005ರಲ್ಲೂ ಪ್ರಮಿಪೆಕ್ಸೋಲ್‌ಗೆ 2006ರಲ್ಲೂ ಈ ಬೇನೆಗಾಗಿ ಅಮೆರಿಕದ ಅಂಗೀಕಾರ ದೊರೆಯಿತು. ಮೊದಲ ರಾತ್ರಿಯೇ ನಿದ್ದೆ! ರೋಗಿಗಳು ಆ ಮಾತ್ರೆಗಳನ್ನು ದೇವರ ಪ್ರಸಾದವೆಂಬಂತೆ ಸ್ವೀಕರಿಸಿದರು. ಆದರೆ ಕೆಲವು ವರ್ಷಗಳಲ್ಲಿ ಪ್ರಸಾದದ ಬೆಲೆ ತಿಳಿಯಿತು. ರಾತ್ರಿ ಹತ್ತಕ್ಕೆ ಬರುತ್ತಿದ್ದ ಚಡಪಡಿಕೆ ಸಂಜೆ ಆರಕ್ಕೆ, ಆಮೇಲೆ ಮಧ್ಯಾಹ್ನ ಎರಡಕ್ಕೆ ಬರತೊಡಗಿತು. ಕಾಲಿನಲ್ಲಿದ್ದದ್ದು ತೋಳಿಗೂ ಏರಿತು. ಮಾತ್ರೆ ಹೆಚ್ಚಿಸಿದರೆ ಕೆಲವು ವಾರ ಶಮನ, ಮತ್ತೆ ಮೊದಲಿಗಿಂತ ಜೋರು. ಬೆಂಕಿಗೆ ತುಪ್ಪ ಸುರಿದಂತೆ. ಮದ್ದೇ ವ್ಯಾಧಿಯನ್ನು ಬೆಳೆಸುವ ಈ ವಿದ್ಯಮಾನಕ್ಕೆ 1996ರಲ್ಲಿಯೇ ಅಮೆರಿಕದ ಸಂಶೋಧಕರು ಆಗ್ಮೆಂಟೇಷನ್ ಎಂದು ಹೆಸರಿಟ್ಟಿದ್ದರು. ಅಷ್ಟೇ ಅಲ್ಲ, ಜೀವಮಾನದಲ್ಲಿ ಇಸ್ಪೀಟು ಮುಟ್ಟದವರೂ ಈ ಮಾತ್ರೆಗಳ ಪ್ರಭಾವದಿಂದ ಜೂಜಿಗೆ ಬಿದ್ದ, ಮಿತಿಮೀರಿ ವಸ್ತುಗಳನ್ನು ಕೊಂಡ ಉದಾಹರಣೆಗಳು ದಾಖಲಾದವು.

ಇಂದು ಮೊದಲು ಕೊಡುವ ಔಷಧಗಳು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಎಂಬ ಬೇರೊಂದು ಪಂಗಡದವು. ಅಮೆರಿಕದ ನಿದ್ರಾವೈದ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇವುಗಳನ್ನೂ ರಕ್ತನಾಳದ ಮೂಲಕ ಕೊಡುವ ಕಬ್ಬಿಣವನ್ನೂ ಮುಂದಿಟ್ಟು, ಹಿಂದಿನ ಪ್ರಸಾದವನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದು ಹೇಳಿತು. ಅದೇ ಪಟ್ಟಿಯಲ್ಲಿ, ಷರತ್ತಿನೊಡನೆ, ಒಂದು ಹಳೆಯ ಪರಿಚಯದ ಹೆಸರೂ ಇದೆ: ಅಫೀಮಿನ ಸಂತತಿಯ ಔಷಧಗಳು. ಬೇರಾವುದೂ ನಾಟದ, ಅಥವಾ ಮದ್ದಿನಿಂದಲೇ ಉಲ್ಬಣಗೊಂಡ ಬೇನೆಗೆ, ಅಲ್ಪ ಪ್ರಮಾಣದಲ್ಲಿ ಆಕ್ಸಿಕೋಡೋನ್, ಮೆಥಡೋನ್ ಮೊದಲಾದವುಗಳನ್ನು ಕೊಡಬಹುದು. ಮುನ್ನೂರೈವತ್ತು ವರ್ಷ ಸುತ್ತಿ ವೈದ್ಯಶಾಸ್ತ್ರ ವಿಲ್ಲಿಸನ ಮದ್ದಿನ ಪೆಟ್ಟಿಗೆಯ ಬಳಿಗೇ ಬಂದು ನಿಂತಿದೆ.

ಇದು ಕೇವಲ ಅಂದಾಜಿನ ಮಾತಲ್ಲ. 1993ರಲ್ಲಿ ಹನ್ನೊಂದು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಹುಸಿಮಾತ್ರೆಗಿಂತ ಆಕ್ಸಿಕೋಡೋನ್ ಮೇಲೆಂಬುದು ಸಿದ್ಧವಾಯಿತು. 2013ರಲ್ಲಿ ಪ್ರಕಟವಾದ ಯೂರೋಪಿನ ಪರೀಕ್ಷೆಯಲ್ಲಿ ಸುಮಾರು 300 ಮಂದಿ ಭಾಗವಹಿಸಿದ್ದರು. ಬೇರೆ ಚಿಕಿತ್ಸೆ ಫಲಿಸದ ಅವರಲ್ಲಿ ಹನ್ನೆರಡು ವಾರಗಳ ಕೊನೆಗೆ ಬೇನೆ ಗಮನಾರ್ಹವಾಗಿ ಇಳಿದಿತ್ತು. ಅಮೆರಿಕದಲ್ಲಿ ಈ ಔಷಧಗಳನ್ನು ಇದೇ ಬೇನೆಗಾಗಿ ಸೇವಿಸುತ್ತಿರುವ ಸುಮಾರು 500 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕವಿಟ್ಟಿದ್ದಾರೆ. ಎರಡು ವರ್ಷಗಳಲ್ಲಿ ಹೆಚ್ಚಿನವರ ಪ್ರಮಾಣ ಏರಲೇ ಇಲ್ಲ ಅಥವಾ ತೀರ ಸ್ವಲ್ಪ ಏರಿತು. ಸಣ್ಣ ಗುಂಪೊಂದರದು ಮಾತ್ರ ಗಣನೀಯವಾಗಿ ಹೆಚ್ಚಿತು. ಆ ಸಣ್ಣ ಗುಂಪನ್ನು ಮರೆಯಬಾರದು. ಆದರೆ ದೊಡ್ಡ ಗುಂಪನ್ನೂ ಮರೆಯಬಾರದು.

ಮರೆಯುವುದು ಏಕೆ ಸುಲಭವೆಂದರೆ, ಅಫೀಮೆಂಬ ಹೆಸರೇ ಮನುಷ್ಯನನ್ನು ಎರಡು ಬಗೆಯಾಗಿ ಮೋಸಗೊಳಿಸುತ್ತದೆ. ಹಬ್ಬದ ಊಟದ ಕೊನೆಗೆ ಬಡಿಸುವ ಗಸಗಸೆ ಪಾಯಸವನ್ನು ಯಾರೂ ಅಂಜಿ ಕುಡಿಯುವುದಿಲ್ಲ. ಆ ಗಸಗಸೆಯೂ ಅಫೀಮೂ ಒಂದೇ ಗಿಡದವು. ಬೀಜದಲ್ಲಿ ಮಾದಕಾಂಶ ಇಲ್ಲವೆನ್ನುವಷ್ಟು ಅಲ್ಪ. ಹಸಿಯ ಕಾಯಿಯ ಸಿಪ್ಪೆಯನ್ನು ಗೀರಿದಾಗ ಒಸರುವ ಹಾಲಿನಲ್ಲಿ ಅದು ಭರ್ತಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರು ಸರ್ಕಾರದ ಪರವಾನಗಿ ಪಡೆದು ಇದನ್ನು ಬೆಳೆಯುತ್ತಾರೆ. 1820ರಲ್ಲಿ ಸ್ಥಾಪಿತವಾದ ಗಾಜೀಪುರದ ಕಾರ್ಖಾನೆಯ ಹೆಸರು ಅದರೊಡನೆ ಬೆಸೆದುಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯುರ್ನರ್ ಅಫೀಮಿನಿಂದ ಅದರ ಸತ್ವವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಮಾರ್ಫಿನ್ ಎಂದು ಕರೆದ. ಅದೇ ಕಾಲದಲ್ಲಿ, 1804ರಲ್ಲಿ, ಇಂಗ್ಲೆಂಡಿನ ಲೇಖಕ ಥಾಮಸ್ ಡಿ ಕ್ವಿನ್ಸಿ ಮುಖದ ನೋವಿಗೆಂದು ಲಾಡನಂ ಕುಡಿಯಲು ಆರಂಭಿಸಿ, ಬದುಕಿನುದ್ದಕ್ಕೂ ಅದರ ಕೈಯಿಂದ ಬಿಡಿಸಿಕೊಳ್ಳಲಾರದೆ ಹೋದ. ನೋವಿಗೆ ಮದ್ದು, ಮದ್ದಿನಿಂದ ಬಂಧನ. ಒಂದೇ ಸೀಸೆಯಲ್ಲಿ ಎರಡೂ ಇದ್ದವು.

ಇತ್ತೀಚಿನ ಅಮೆರಿಕದ ಕಥೆ ಇನ್ನೂ ಭೀಕರ. 1996ರಿಂದಾಚೆಗೆ ಆಕ್ಸಿಕೋಡೋನನ್ನು ಅಪಾಯವಿಲ್ಲದ ನೋವಿನ ಮಾತ್ರೆಯೆಂಬಂತೆ ಪ್ರಚಾರ ಮಾಡಿ ಮಾರಿದ್ದರಿಂದ ಲಕ್ಷಾಂತರ ಸಂಸಾರಗಳು ಹಾಳಾದವು. ಆಮೇಲೆ ಲೋಲಕ ಇನ್ನೊಂದು ತುದಿಗೆ ಓಡಿತು. 2016ರಲ್ಲಿ ಸರ್ಕಾರದ ಮಾರ್ಗಸೂಚಿ ಬಂದ ಬಳಿಕ ಹೆದರಿದ ಎಷ್ಟೋ ವೈದ್ಯರು, ವರ್ಷಗಳಿಂದ ಒಂದೇ ಪ್ರಮಾಣದಲ್ಲಿ ನೆಮ್ಮದಿಯಾಗಿದ್ದ ರೋಗಿಗಳ ಮದ್ದನ್ನೂ ಹಠಾತ್ತಾಗಿ ಕಡಿತ ಮಾಡಿದರು. ಹಾಗೆ ಮಾಡಬಾರದೆಂದು 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯೇ ಎಚ್ಚರಿಸಬೇಕಾಯಿತು; 2022ರಲ್ಲಿ ಮಾರ್ಗಸೂಚಿಯೂ ಪರಿಷ್ಕೃತವಾಯಿತು. ಅತಿಯಾಗಿ ಕೊಟ್ಟದ್ದರಿಂದ ಒಬ್ಬರು ಕೆಟ್ಟರೆ, ಕೊಡಲು ಹೆದರಿದ್ದರಿಂದ ಇನ್ನೊಬ್ಬರು ಕೆಟ್ಟರು.

ಆ ಹೆದರಿಕೆ ಆಸ್ಪತ್ರೆಯಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ ಇದೆ. ಮಧ್ಯಮ ವರ್ಗದ ಯಾವುದಾದರೂ ಮನೆಯನ್ನು ಊಹಿಸಿಕೊಳ್ಳಬಹುದು. ನರರೋಗ ತಜ್ಞರು ಬರೆದುಕೊಟ್ಟ ಚೀಟಿಯನ್ನು ಹಿಡಿದು ಮಗ ತಾಯಿಯ ಮುಂದೆ ನಿಲ್ಲುತ್ತಾನೆ. “ಅಮ್ಮಾ, ಇದು ಅಫೀಮಿನ ಜಾತಿಯದಂತೆ. ಒಮ್ಮೆ ಹಿಡಿದರೆ ಬಿಡುವುದಿಲ್ಲವಂತೆ” ಎನ್ನುತ್ತಾನೆ. “ಇಪ್ಪತ್ತು ವರ್ಷದಿಂದ ಕಾಲು ಹಿಡಿದಿರುವುದು ಬಿಟ್ಟಿದೆಯೇನಪ್ಪಾ?” ಎಂದು ತಾಯಿಯ ಉತ್ತರ. ಸೊಸೆಗೆ ಬೇರೆ ಚಿಂತೆ: “ಅತ್ತೆ, ನೆಂಟರಿಷ್ಟರಿಗೆ ತಿಳಿದರೆ ಏನೆಂದುಕೊಂಡಾರು?” ಹೀಗೆ ಮಾತ್ರೆಯ ಡಬ್ಬಿ ಗೋಡೆಯ ಬೀರುವಿನಲ್ಲಿ ಸೀರೆಗಳ ಹಿಂದೆ ಅಡಗಿ ಕೂರುತ್ತದೆ. ಕದ್ದು ತಿನ್ನಬೇಕಾದ ಪದಾರ್ಥದಂತೆ ಮದ್ದನ್ನು ನುಂಗುವ ಆ ವೃದ್ಧೆಗೆ ಕಾಲಿನ ಬೇನೆ ಇಳಿದರೂ ಮನಸ್ಸಿನಲ್ಲಿ ಹೊಸದೊಂದು ಬೇನೆ ಮೊಳೆಯುತ್ತದೆ. ತಾನೂ ಚಟಕ್ಕೆ ಬಿದ್ದವಳಾದೆನೆ?

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ವೈದ್ಯರ ಧರ್ಮ. ದೇಹ ಒಂದು ಮದ್ದಿಗೆ ಒಗ್ಗಿಹೋಗುವುದು ಬೇರೆ, ಮನುಷ್ಯ ಅದಕ್ಕೆ ದಾಸನಾಗುವುದು ಬೇರೆ. ನಿತ್ಯ ಸೇವಿಸಿದರೆ ಯಾರ ದೇಹವಾದರೂ ಈ ಔಷಧಕ್ಕೆ ಒಗ್ಗುತ್ತದೆ. ಥಟ್ಟನೆ ನಿಲ್ಲಿಸಿದರೆ ಬೆವರು, ಮೂಗು ಸೋರುವುದು, ಹೊಟ್ಟೆಯ ನುಲಿತ ಕಾಣಿಸಿಕೊಳ್ಳುತ್ತವೆ. ವಿಚಿತ್ರವೆಂದರೆ ಕಾಲಿನ ಚಡಪಡಿಕೆಯೂ ಆ ಲಕ್ಷಣಗಳಲ್ಲೊಂದು; ಈ ಬೇನೆಯೇ ಇಲ್ಲದವರಿಗೂ ಅಫೀಮು ಬಿಟ್ಟಾಗ ಕಾಲು ನಿಲ್ಲುವುದಿಲ್ಲ. ಆದ್ದರಿಂದಲೇ ಇಂಥ ಮದ್ದನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು, ಹಂತ ಹಂತವಾಗಿ ಇಳಿಸಬೇಕು. ಇದು ಒಗ್ಗಿಕೊಳ್ಳುವುದು. ಚಟವಾದರೋ ಬೇರೆ: ಹಾನಿಯಾಗುತ್ತಿದ್ದರೂ ಬಿಡಲಾರದೆ, ಹೇಳಿದ್ದಕ್ಕಿಂತ ಹೆಚ್ಚು ನುಂಗಿ, ಸುಳ್ಳು ಹೇಳಿ, ಮೂರು ಅಂಗಡಿ ಅಲೆದು ತಂದು, ಮನೆಮಠದ ಕಡೆ ಗಮನ ತಪ್ಪುವುದು. ಮದ್ದು ಕೊಂಡಮೇಲೆ ಬೆಳಿಗ್ಗೆ ಎದ್ದು ಹೂವು ಕಟ್ಟಿ, ಮೊಮ್ಮಗನಿಗೆ ಮಗ್ಗಿ ಹೇಳಿಕೊಡುವಷ್ಟು ಚೈತನ್ಯ ಬಂದರೆ ಅದು ಚಟದ ಲಕ್ಷಣವಲ್ಲ. ಸಂಸಾರದಿಂದ ದೂರವಾಗುತ್ತಿದ್ದವರು ಸಂಸಾರಕ್ಕೆ ಮರಳಿದ ಲಕ್ಷಣ.

ಹಾಗೆಂದು ಅಪಾಯವಿಲ್ಲವೆನ್ನುವಂತಿಲ್ಲ. ಮಲಬದ್ಧತೆ ಬಹಳ ಜನರನ್ನು ಕಾಡುತ್ತದೆ. ಮಂಪರು, ವಾಕರಿಕೆ, ವಯಸ್ಸಾದವರಿಗೆ ಎಡವಿ ಬೀಳುವ ಭಯ ಉಂಟು. ಗೊರಕೆಯ ನಡುವೆ ಉಸಿರು ಕಟ್ಟುವ ಅಭ್ಯಾಸವಿರುವವರಿಗೆ ಇದು ಇನ್ನೂ ಅಪಾಯಕರ. ಅದಕ್ಕಾಗಿ ಮೊದಲೇ ಪರೀಕ್ಷಿಸಬೇಕಾಗುತ್ತದೆ. ಮದ್ಯದೊಡನೆ ಅಥವಾ ನಿದ್ದೆಮಾತ್ರೆಗಳೊಡನೆ ಬೆರೆತರೆ ಉಸಿರಾಟವೇ ನಿಂತುಹೋಗಬಹುದು. ಮೆಥಡೋನ್ ಹೃದಯದ ಲಯವನ್ನು ಕೆಡಿಸಬಲ್ಲುದಾದ್ದರಿಂದ ಇ.ಸಿ.ಜಿ. ತೆಗೆಸಿ ನೋಡಬೇಕು. ಟ್ರಮಡಾಲ್ ಸೌಮ್ಯವೆಂದು ಹೆಸರಾಗಿದ್ದರೂ, ಹಿಂದೆ ಹೇಳಿದ ಉಲ್ಬಣವನ್ನು ಅದೂ ತರಬಲ್ಲುದೆಂಬ ವರದಿಗಳಿವೆ. ಭಾರತದಲ್ಲಿ 2018ರಿಂದ ಅದೂ ಮಾದಕ ವಸ್ತುಗಳ ಕಾಯಿದೆಯ ಹಿಡಿತಕ್ಕೆ ಒಳಪಟ್ಟಿದೆ. ರೋಗಿಗಾಗಲಿ ಹತ್ತಿರದ ಬಂಧುಗಳಿಗಾಗಲಿ ಕುಡಿತದ ಅಥವಾ ಬೇರೆ ಮಾದಕದ ಚಟವಿದ್ದ ಚರಿತ್ರೆಯಿದ್ದರೆ ಅದನ್ನು ವೈದ್ಯರಿಂದ ಮರೆಮಾಚಬಾರದು. ಮನೆಯಲ್ಲಿ ಹರೆಯದ ಮಕ್ಕಳಿದ್ದರೆ ಡಬ್ಬಿಗೆ ಬೀಗವಿರಬೇಕು, ಮಾತ್ರೆಗಳಿಗೆ ಎಣಿಕೆಯಿರಬೇಕು. ಎಣಿಸುವುದು ಅಪನಂಬಿಕೆಯಲ್ಲ, ಒಡವೆಯನ್ನೂ ಎಣಿಸಿಯೇ ಇಡುತ್ತಾರೆ.

ಕಾನೂನಿನ ಕಡೆ ನೋಡಿದರೆ, 1985ರ ಮಾದಕ ವಸ್ತುಗಳ ಕಾಯಿದೆ ಬಿಗಿಯಾಗಿದ್ದುದರಿಂದ ಕ್ಯಾನ್ಸರಿನಿಂದ ನರಳುವವರಿಗೂ ಮಾರ್ಫಿನ್ ದೊರೆಯದ ಕಾಲವೊಂದಿತ್ತು. 2014ರ ತಿದ್ದುಪಡಿಯಲ್ಲಿ ಅತ್ಯಾವಶ್ಯಕ ಮಾದಕ ಔಷಧಗಳೆಂಬ ವರ್ಗವೊಂದನ್ನು ಕಲ್ಪಿಸಲಾಯಿತು. ಮಾರ್ಫಿನ್, ಮೆಥಡೋನ್, ಆಕ್ಸಿಕೋಡೋನ್ ಸೇರಿ ಆರು ಔಷಧಗಳು ಇದರಲ್ಲಿವೆ. ಮಾನ್ಯತೆ ಪಡೆದ ವೈದ್ಯಸಂಸ್ಥೆಗಳು ಅವುಗಳನ್ನು ದಾಸ್ತಾನಿಟ್ಟು ಕೊಡಬಹುದು. ಅವು ಬಹುಮಟ್ಟಿಗೆ ಬಳಕೆಯಾಗುವುದು ತೀವ್ರ ನೋವಿನ ಶಮನಕ್ಕೆ. ಕಾಲಿನ ಚಡಪಡಿಕೆಗೆಂದು ಕೇಳುವ ರೋಗಿ ಅಲ್ಲಿ ಹೊಸಬ. ಆತನ ಸಂಕಟ ಕ್ಷ-ಕಿರಣದ ಚಿತ್ರದಲ್ಲಿ ಮೂಡುವುದಿಲ್ಲ, ಮುಟ್ಟಿ ನೋಡಿದರೆ ತಿಳಿಯುವುದಿಲ್ಲ. ಆದುದರಿಂದ ಈ ಬೇನೆಯನ್ನು ಬಲ್ಲ ನರರೋಗ ತಜ್ಞರ ಕೈಯಲ್ಲಿ, ಬೇರೆ ದಾರಿಗಳೆಲ್ಲ ಮುಗಿದ ಮೇಲೆ, ಒಬ್ಬರೇ ವೈದ್ಯರ ಚೀಟಿಯಿಂದ, ಸಾಧ್ಯವಾದಷ್ಟು ಕಡಿಮೆ ಪ್ರಮಾಣದಲ್ಲಿ, ಕಾಲಕಾಲಕ್ಕೆ ಹೋಗಿ ತೋರಿಸಿಕೊಳ್ಳುತ್ತ ನಡೆಯಬೇಕಾದ ಚಿಕಿತ್ಸೆಯಿದು. ಇಷ್ಟು ಕಟ್ಟಳೆಗಳನ್ನು ಒಪ್ಪಲಾರದವರಿಗೆ ಈ ಮದ್ದು ತಕ್ಕುದಲ್ಲ. ಒಪ್ಪಿದವರಿಗೆ ಅದನ್ನು ನಿರಾಕರಿಸುವುದೂ ನ್ಯಾಯವಲ್ಲ.

ಅಫೀಮಿನ ಅಮಲನ್ನು ಬಯಸಿದವರು ಭೂಮಿಯನ್ನು ಬಿಟ್ಟು ಮೇಲೇರಲು ಹಂಬಲಿಸಿದರು. ಈ ರೋಗಿಯ ಆಸೆ ಅದಕ್ಕೆ ತದ್ವಿರುದ್ಧ. ಆತ ಬೇಡುವುದು ಭೂಮಿಯ ಮೇಲೆಯೇ ಆರು ಅಡಿ ಉದ್ದದ ಒಂದು ಹಾಸಿಗೆಯನ್ನು, ಅದರ ಮೇಲೆ ಐದಾರು ಗಂಟೆ ಕಾಲು ಚಾಚಿ ಅಲುಗಾಡದೆ ಮಲಗುವ ಭಾಗ್ಯವನ್ನು. ಊರಿಗೆಲ್ಲ ದಿನವೂ ಪುಕ್ಕಟೆಯಾಗಿ ದೊರೆಯುವ ಈ ವಸ್ತುವನ್ನು ಅಳತೆಯ ಮದ್ದಿನಿಂದ ಒಬ್ಬರು ಪಡೆದುಕೊಂಡರೆ, ಅದಕ್ಕಾಗಿ ಅವರು ನಾಚಬೇಕಾದ ಕಾರಣ ಯಾವುದೂ ಇಲ್ಲ. ಡಬ್ಬಿಯನ್ನು ಸೀರೆಗಳ ಹಿಂದೆ ಅಡಗಿಸುವ ಅಗತ್ಯವೂ ಇಲ್ಲ. ಅದರ ಬೀಗದ ಕೈ ಮನೆಯವರೊಬ್ಬರಲ್ಲಿ ಇದ್ದರೆ ಸಾಕು.